ನಮ್ಮ ದಂಡು ಪ್ರದೇಶ: ಒಂದೇ ಊರಿನಲ್ಲಿ ಎರಡು ಆಡಳಿತ

ಮೊದಲ ಪಿಯುಸಿ ಇತಿಹಾಸದಲ್ಲಿ ನಾವೆಲ್ಲ ಫ್ರೆಂಚ್ ಕ್ರಾಂತಿ ಓದಿದ್ದೇವೆ. ಬಾಸ್ಟೀಲ್ ಕೋಟೆ, ರಾಜ 16ನೇ ಲೂಯಿ, ನೆಪೋಲಿಯನ್ ಎಲ್ಲರಿಗೂ ನೆನಪಿದೆ. ಆದರೆ ಆ ಕ್ರಾಂತಿ ಮಾಡಿದ ಒಂದು ಕೆಲಸ ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ. ಅದು ಇಡೀ ದೇಶದ ನಕ್ಷೆಯ ಮೇಲೆ ಹೊಸ ಗೆರೆಗಳನ್ನು ಎಳೆದ ಕೆಲಸ. ಆ ಗೆರೆಗಳ ಬಗ್ಗೆ ಓದುವಾಗ ನಮ್ಮ ಊರಿಗೂ ಯಾರಾದರೂ ಹೀಗೆ ಗೆರೆ ಎಳೆದಿದ್ದರೇ ಎಂಬ ಪ್ರಶ್ನೆ ನನಗೆ ಬಂತು. ಎಳೆದಿದ್ದರು. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯಿಂದ ನಮ್ಮ ಕಾಲೇಜಿಗೆ ಬರುವವರು ಒಂದು ಕಾಲದಲ್ಲಿ ಒಂದು ಆಡಳಿತದಲ್ಲಿದ್ದರು. ಚಿಕ್ಕಪೇಟೆ, ಬಸವನಗುಡಿ, ಕೆ.ಆರ್.ಪುರದಿಂದ ಬರುವವರು ಇನ್ನೊಂದು ಆಡಳಿತದಲ್ಲಿದ್ದರು. ಈ ವ್ಯವಸ್ಥೆ 66 ವರ್ಷ ನಡೆಯಿತು. ಅದರ ಭೂಗೋಳ ಮತ್ತು ಇತಿಹಾಸವನ್ನು ನನಗೆ ತಿಳಿದಂತೆ ಇಲ್ಲಿ ವಿವರಿಸುತ್ತೇನೆ.

ಫ್ರಾನ್ಸಿನಲ್ಲಿ ಗೆರೆ ಎಳೆದ ರೀತಿ

1790ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಹಳೆಯ ಪ್ರಾಂತ್ಯಗಳನ್ನು ರದ್ದು ಮಾಡಿ ದೇಶವನ್ನು 83 ಭಾಗ ಮಾಡಿತು. ಅವುಗಳಿಗೆ ‘ಡಿಪಾರ್ಟ್‌ಮೆಂಟ್’ ಎಂದು ಹೆಸರು. ನಮ್ಮಲ್ಲಿ ಡಿಪಾರ್ಟ್‌ಮೆಂಟ್ ಎಂದರೆ ಕಚೇರಿ ಅಥವಾ ಕಾಲೇಜಿನ ವಿಭಾಗ, ಅಲ್ಲಿ ಅದು ನಮ್ಮ ಜಿಲ್ಲೆಯ ಹಾಗೆ. ದೂರದ ಹಳ್ಳಿಯವನೂ ಕುದುರೆ ಮೇಲೆ ಹೊರಟರೆ ಒಂದು ದಿನದಲ್ಲಿ ತನ್ನ ಮುಖ್ಯ ಪಟ್ಟಣ ತಲುಪುವಂತಿರಬೇಕು ಎಂಬುದು ಲೆಕ್ಕಾಚಾರ. ಹಳೆಯ ರಾಜಮನೆತನಗಳ ನೆನಪು ಬರಬಾರದೆಂದು ಹೆಚ್ಚಿನ ಭಾಗಗಳಿಗೆ ನದಿ, ಬೆಟ್ಟಗಳ ಹೆಸರಿಟ್ಟರು. 1800ರಲ್ಲಿ ನೆಪೋಲಿಯನ್ ಪ್ರತಿಯೊಂದಕ್ಕೂ ‘ಪ್ರಿಫೆಕ್ಟ್’ ಎಂಬ ಅಧಿಕಾರಿಯನ್ನು ನೇಮಿಸಿದ. ನಮ್ಮ ಜಿಲ್ಲಾಧಿಕಾರಿಯ ಹಾಗೆ ಎಂದುಕೊಳ್ಳಿ. ಈಗ ಅಂಥ ವಿಭಾಗಗಳು 101 ಇವೆ.

ದಕ್ಷಿಣ ಫ್ರಾನ್ಸಿನ ಆರ್ದೆಶ್ ಇವುಗಳಲ್ಲಿ ಒಂದು. ಅಲ್ಲಿ ಹರಿಯುವ ನದಿಯ ಹೆಸರೇ ಅದಕ್ಕೆ ಬಂದಿದೆ. ಆ ಸೀಮೆಯಲ್ಲಿ ಹುಟ್ಟಿದ ಅಬ್ಬೆ ದುಬ್ವಾ ಎಂಬ ಪಾದ್ರಿ 1792ರಲ್ಲಿ ಭಾರತಕ್ಕೆ ಹೊರಟರು. ಟಿಪ್ಪು ಸುಲ್ತಾನರ ನಂತರದ ಮೈಸೂರು ಸೀಮೆಯಲ್ಲಿ ಬಹಳ ವರ್ಷ ಇದ್ದರು. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಇತಿಹಾಸ ಹೇಳುವವರು ಇವರ ಹೆಸರಿನಿಂದಲೇ ಶುರು ಮಾಡುತ್ತಾರೆ. ಅಂದರೆ ತನ್ನ ಊರಿನ ಗೆರೆ ಬದಲಾದ ಎರಡೇ ವರ್ಷಕ್ಕೆ ಹೊರಟು ಬಂದ ಮನುಷ್ಯನ ಹೆಸರು ನಮ್ಮ ಬಸ್ ಸ್ಟ್ಯಾಂಡ್ ಪಕ್ಕದ ಚರ್ಚಿನ ಕಥೆಯಲ್ಲಿದೆ.

ಫ್ರಾನ್ಸಿನಲ್ಲಿ ಗೆರೆ ಎಳೆಯುವಾಗ ಜನರ ಅನುಕೂಲ ನೋಡಿದರು. ನಮ್ಮಲ್ಲಿ ಸೈನ್ಯದ ಅನುಕೂಲ ನೋಡಿದರು. ದೊಡ್ಡ ವ್ಯತ್ಯಾಸ ಅದೇ.

ಸೈನ್ಯ ಇಲ್ಲಿಗೆ ಬಂದದ್ದು ಏಕೆ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಹುತಾತ್ಮರಾದರು. ಬ್ರಿಟಿಷರು ಮೈಸೂರನ್ನು ಒಡೆಯರ್ ಮನೆತನಕ್ಕೆ ಕೊಟ್ಟರು, ಜೊತೆಗೆ ಸಹಾಯಕ ಸೈನ್ಯ ಪದ್ಧತಿಯ ಷರತ್ತು ಹಾಕಿದರು. ಅದರಂತೆ ಮೈಸೂರಿನ ರಕ್ಷಣೆಗೆ ಕಂಪನಿ ಸೈನ್ಯ ಇಡುತ್ತದೆ, ಖರ್ಚನ್ನು ಮೈಸೂರು ಕೊಡಬೇಕು. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾ, ರೂಪಾಯಿ ಲೆಕ್ಕದಲ್ಲಿ ಸುಮಾರು 24.5 ಲಕ್ಷ. 1881ರ ಒಪ್ಪಂದದಲ್ಲಿ ಇದನ್ನು 35 ಲಕ್ಷಕ್ಕೆ ಏರಿಸಿದರು. ಇಷ್ಟು ದೊಡ್ಡ ಮೊತ್ತ ಬಂದದ್ದು ಮೈಸೂರು ಸೀಮೆಯ ರೈತರ ಕಂದಾಯದಿಂದ. ಇದನ್ನು ಲೇಖನದ ಕೊನೆಯವರೆಗೆ ನೆನಪಿಡಿ.

ಈ ಸೈನ್ಯ ಮೊದಲು ಶ್ರೀರಂಗಪಟ್ಟಣದಲ್ಲೇ ಇತ್ತು. ಕಾವೇರಿ ನಡುವಿನ ಆ ದ್ವೀಪದಲ್ಲಿ ಜ್ವರ ಹೆಚ್ಚು, ಸೈನಿಕರು ಕಾಯಿಲೆ ಬಿದ್ದರು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರು ತಂಪಾದ ಊರು. 1809ರಲ್ಲಿ ಹಲಸೂರಿನ ಬಳಿ ಕಂಟೋನ್ಮೆಂಟ್ ಸ್ಥಾಪನೆಯಾಯಿತು. ಕನ್ನಡದಲ್ಲಿ ಅದಕ್ಕೆ ‘ದಂಡು’ ಎಂದರು. ನಮ್ಮ ಮನೆಯಲ್ಲಿ ದಾದಿ ಇಂದಿಗೂ ‘ಲಷ್ಕರ್’ ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಸೈನ್ಯ.

ದಂಡಿನ ಭೂಗೋಳ

ಭೂಗೋಳ ಅರ್ಥವಾಗಬೇಕಾದರೆ ಮೆಟ್ರೋದ ನೇರಳೆ ಮಾರ್ಗ ಒಳ್ಳೆಯ ಸಹಾಯ. ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ ಹೊರಟರೆ ಮೊದಲು ಸೆಂಟ್ರಲ್ ಕಾಲೇಜು, ಆಮೇಲೆ ವಿಧಾನಸೌಧ, ಕಬ್ಬನ್ ಪಾರ್ಕ್. ಇಲ್ಲಿಯವರೆಗೆ ಹಳೆಯ ಮೈಸೂರು ಸರ್ಕಾರದ ಕಡೆ. ಎಂ.ಜಿ. ರಸ್ತೆ ನಿಲ್ದಾಣ ಬರುವ ಹೊತ್ತಿಗೆ ನೀವು ಹಳೆಯ ಗಡಿ ದಾಟಿರುತ್ತೀರಿ. ಟ್ರಿನಿಟಿ, ಹಲಸೂರು ದಂಡಿನ ಒಳಗೆ. ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್.ಪುರ ಬರುವಾಗ ದಂಡು ಮುಗಿದು ಮತ್ತೆ ಮೈಸೂರು ಸೀಮೆಯ ಹಳ್ಳಿಗಳ ಜಾಗ. ಅಂದರೆ ದಂಡಿಗೆ ಎಲ್ಲ ಕಡೆಯೂ ಮೈಸೂರು ರಾಜ್ಯವೇ ಇತ್ತು. ಸಮುದ್ರದ ನಡುವಿನ ದ್ವೀಪದ ಹಾಗೆ.

ಈ ದ್ವೀಪದ ವಿಸ್ತೀರ್ಣ ಸುಮಾರು 13.5 ಚದರ ಮೈಲಿ, ಅಂದರೆ 35 ಚದರ ಕಿಲೋಮೀಟರ್. ಮಧ್ಯದಲ್ಲಿ ಪರೇಡ್ ಮೈದಾನ. ಅದರ ದಕ್ಷಿಣದ ರಸ್ತೆ ಸೌತ್ ಪರೇಡ್, ಇಂದಿನ ಮಹಾತ್ಮ ಗಾಂಧಿ ರಸ್ತೆ. ಪೂರ್ವಕ್ಕೆ ಹಲಸೂರು ಕೆರೆ, ಅದರ ಪಕ್ಕ ಮದ್ರಾಸ್ ಸ್ಯಾಪರ್ಸ್ ಪಡೆ. ಉತ್ತರಕ್ಕೆ ಬಜಾರು, ಅಂದರೆ ಇಂದಿನ ಶಿವಾಜಿನಗರ. ಆಗ ಅದರ ಹೆಸರು ಬ್ಲ್ಯಾಕ್‌ಪಳ್ಳಿ. ‘ಬಿಳಿ ಅಕ್ಕಿ ಪಳ್ಳಿ’ ಎಂಬುದು ಇಂಗ್ಲಿಷರ ಬಾಯಲ್ಲಿ ಹೀಗಾಯಿತು ಎಂಬ ವಿವರಣೆ ಪ್ರಚಲಿತ. ಹಾಗಾದರೆ ಬಿಳಿ ಎಂಬುದು ‘ಬ್ಲ್ಯಾಕ್’ ಆಗಿ ಹೋಯಿತು! ದಕ್ಷಿಣಕ್ಕೆ ರಿಚ್ಮಂಡ್ ಟೌನ್, ಲ್ಯಾಂಗ್‌ಫರ್ಡ್ ಟೌನ್ ಕಡೆಯ ಬಂಗಲೆಗಳು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಕ್ಯಾವಲ್ರಿ ರಸ್ತೆ ಎಂಬ ಹೆಸರುಗಳು ಕಾಲಾಳು, ದಳ, ಕುದುರೆ ಸೈನ್ಯಗಳಿಂದ ಬಂದವು. ಕ್ಯಾವಲ್ರಿ ರಸ್ತೆ ಈಗ ಕಾಮರಾಜ ರಸ್ತೆ.

ನೀರಿನ ಭೂಗೋಳವೂ ಮುಖ್ಯ. ಬೆಂಗಳೂರು ಒಂದು ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ದಂಡಿನ ಕಡೆ ಬಿದ್ದ ಮಳೆ ಪೂರ್ವಕ್ಕೆ ಇಳಿಯುತ್ತದೆ. ಹಲಸೂರು ಕೆರೆಯಿಂದ ಬೆಳ್ಳಂದೂರು, ವರ್ತೂರು ಕೆರೆಗಳಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ತಮಿಳುನಾಡಿನಲ್ಲಿ ಅದೇ ಪೊನ್ನೈಯಾರ್ ಆಗಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ. ಕಡಲೂರಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಪುದುಚೇರಿ, 1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಊರು. ನೀರು ಯಾವ ಸರ್ಕಾರದ ಗೆರೆಯನ್ನೂ ಕೇಳಿ ಹರಿಯುವುದಿಲ್ಲ.

ಜನ ಬಂದದ್ದು ಹೇಗೆ?

ಸೈನ್ಯ ಒಂದೇ ಬರುವುದಿಲ್ಲ. ಅದಕ್ಕೆ ಅಕ್ಕಿ, ಮಾಂಸ, ಹಾಲು, ಬಟ್ಟೆ, ಕುದುರೆಯ ಹುಲ್ಲು, ಗಾಡಿ, ಬಡಗಿ, ದರ್ಜಿ, ಗುತ್ತಿಗೆದಾರ ಎಲ್ಲರೂ ಬೇಕು. ಕಂಪನಿಯ ಈ ಸೈನ್ಯ ಮದ್ರಾಸಿಗೆ ಸೇರಿದ್ದರಿಂದ ಅದರ ಜೊತೆ ತಮಿಳು ಸೀಮೆಯ ಜನ ಹೆಚ್ಚಾಗಿ ಬಂದರು. ತೆಲುಗರು, ದಖನಿ ಉರ್ದು ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ಕಛ್‌ನಿಂದ ಬಂದ ಮೇಮನ್ ವ್ಯಾಪಾರಿಗಳು ಬಂದು ನೆಲೆಸಿದರು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇಲ್ಲಿ ಇಬ್ಬರು ಗಮನಾರ್ಹರಾಗಿ ಕಾಣುತ್ತಾರೆ. ಒಬ್ಬರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಇವರು ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡದ ಗುತ್ತಿಗೆ ಪಡೆದವರು. ಗಳಿಸಿದ್ದರಲ್ಲಿ 1873ರಲ್ಲಿ ದಂಡಿನಲ್ಲಿ ಶಾಲೆ ತೆರೆದರು. ಹಲಸೂರಿನ ಕಡೆ ಆರ್‌ಬಿಎಎನ್‌ಎಂ ಎಂಬ ಹೆಸರನ್ನು ನೀವು ನೋಡಿರುತ್ತೀರಿ. ಇನ್ನೊಬ್ಬರು ಹಾಜಿ ಸರ್ ಇಸ್ಮಾಯಿಲ್ ಸೇಠ್. ದೊಡ್ಡ ವ್ಯಾಪಾರಿ. ಪರದೆಯಲ್ಲಿರುವ ಹೆಣ್ಣುಮಕ್ಕಳಿಗೂ ವೈದ್ಯರ ಸೇವೆ ಸಿಗಲೆಂದು ಅವರ ದಾನದಿಂದ ಎದ್ದ ಗೋಷಾ ಆಸ್ಪತ್ರೆ ಶಿವಾಜಿನಗರದಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಎಷ್ಟೋ ಜನರ ಅಮ್ಮಿಯೋ ದಾದಿಯೋ ಹೆರಿಗೆಗೆ ಹೋಗಿದ್ದು ಅಲ್ಲಿಗೇ. ಲಾಭ ಮಾಡುವುದು ವ್ಯಾಪಾರದ ಅರ್ಧ ಪಾಠ, ಇನ್ನರ್ಧ ಇವರಿಬ್ಬರ ಕೆಲಸದಲ್ಲಿದೆ.

1881: ಗೆರೆ ಕಾನೂನಾದದ್ದು

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ತೆಗೆದುಕೊಂಡರು. 50 ವರ್ಷ ಕಮಿಷನರುಗಳ ಆಳ್ವಿಕೆ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್, ಅವರ ನಂತರ ಬೌರಿಂಗ್. ಈ ಅವಧಿಯಲ್ಲಿ ಪೇಟೆ, ದಂಡು ಎರಡಕ್ಕೂ ಮೇಲಿನ ಅಧಿಕಾರಿ ಒಬ್ಬನೇ. ಆದರೂ 1862ರಲ್ಲಿ ಮುನ್ಸಿಪಾಲಿಟಿ ಮಾಡುವಾಗ ಪೇಟೆಗೆ ಒಂದು, ದಂಡಿಗೆ ಇನ್ನೊಂದು ಮಾಡಿದರು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ರೈಲು ದಂಡಿನಲ್ಲೇ ನಿಂತಿತು. ಇಂದಿನ ಕಂಟೋನ್ಮೆಂಟ್ ಸ್ಟೇಷನ್ ಅದೇ. ಪೇಟೆ ಕಡೆಯ ಸ್ಟೇಷನ್ ಬಂದದ್ದು ಆಮೇಲೆ.

1881ರ ಮಾರ್ಚ್ 25ರಂದು ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು. ಆದರೆ ದಂಡನ್ನು ಹಿಂತಿರುಗಿಸಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಹೆಸರಿಟ್ಟು ಆ ಭಾಗದ ಅಧಿಕಾರವನ್ನು ಬ್ರಿಟಿಷ್ ಸರ್ಕಾರವೇ ಇಟ್ಟುಕೊಂಡಿತು. ನಮ್ಮ ಪಾಠದ ಭಾಷೆಯಲ್ಲಿ ಹೇಳುವುದಾದರೆ ಮಾಲೀಕತ್ವ ಒಬ್ಬರದು, ಸ್ವಾಧೀನ ಇನ್ನೊಬ್ಬರದು. ನೆಲ ಮೈಸೂರಿನದು, ಅದರ ಮೇಲಿನ ಅಧಿಕಾರ ಬ್ರಿಟಿಷರದು.

ಇದರಿಂದ ದಿನನಿತ್ಯದ ಬದುಕಿನಲ್ಲಿ ಆದ ವ್ಯತ್ಯಾಸ ಹೀಗಿತ್ತು:

ಮುಖ್ಯಸ್ಥರು: ಪೇಟೆಯಲ್ಲಿ ಮಹಾರಾಜರು ಮತ್ತು ದಿವಾನರು. ದಂಡಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅವರ ಕೆಳಗೆ ಕಲೆಕ್ಟರ್. ರೆಸಿಡೆಂಟರ ಮನೆಯೇ ಇಂದಿನ ರಾಜಭವನ.

ನ್ಯಾಯಾಲಯ ಮತ್ತು ಪೊಲೀಸ್: ಎರಡು ಕಡೆ ಬೇರೆ ಬೇರೆ. ಎರಡು ಕಡೆಯ ಕಾನೂನೂ ಒಂದೇ ಅಲ್ಲ.

ತೆರಿಗೆ: ಎರಡು ಮುನ್ಸಿಪಾಲಿಟಿ, ಎರಡು ಖಜಾನೆ.

ಕಾಲೇಜು: 1882ರಲ್ಲಿ ಫ್ರೆಂಚ್ ಪಾದ್ರಿಗಳು ಆರಂಭಿಸಿದ ಸೇಂಟ್ ಜೋಸೆಫ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಸೆಂಟ್ರಲ್ ಕಾಲೇಜು 1916ರಿಂದ ಮೈಸೂರು ವಿಶ್ವವಿದ್ಯಾಲಯದ್ದಾಯಿತು. ಒಂದೇ ಊರಿನ ಇಬ್ಬರು ಹುಡುಗರಿಗೆ ಎರಡು ಊರಿನ ಪದವಿ.

ಭಾಷೆ: ಪೇಟೆಯಲ್ಲಿ ಇಂಗ್ಲಿಷ್ ಜೊತೆ ಕನ್ನಡ. ದಂಡಿನಲ್ಲಿ ಕಚೇರಿಗೆ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಉರ್ದು, ತೆಲುಗು.

1901ರ ಜನಗಣತಿಯಲ್ಲಿ ಪೇಟೆಯ ಜನಸಂಖ್ಯೆ 69,447, ದಂಡಿನದು 89,599. ಒಟ್ಟು 1,59,046. ಅಂದರೆ ಆಗ ಬೆಂಗಳೂರಿನ 100 ಜನರಲ್ಲಿ 56 ಮಂದಿ ದಂಡಿನವರು. ಬೆಂಗಳೂರು ಎಂದರೆ ಪೇಟೆ, ದಂಡು ಅದಕ್ಕೆ ಅಂಟಿಕೊಂಡ ಬಾಲ ಎಂದು ಯಾರಾದರೂ ಹೇಳಿದರೆ ಈ ಸಂಖ್ಯೆ ತೋರಿಸಬಹುದು.

ಕಬ್ಬನ್ ಪಾರ್ಕಿನ ಮೂಲೆಯಲ್ಲಿ, ಎಂ.ಜಿ. ರಸ್ತೆ ಆರಂಭವಾಗುವ ಕಡೆ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆ. 1906ರಲ್ಲಿ ವೇಲ್ಸ್ ರಾಜಕುಮಾರ ಅದನ್ನು ಅನಾವರಣ ಮಾಡಿದ. ಅದು ನಿಂತ ಜಾಗವೇ ಎರಡು ಆಡಳಿತಗಳ ಗಡಿ. ಇವತ್ತು ನಾವು ಅಲ್ಲಿ ಸಿಗ್ನಲ್ ಬಿಡಲಿ ಎಂದು ಕಾಯುತ್ತೇವೆ, ಅಷ್ಟೇ.

ಗೆರೆಯಿಂದ ಭಾಗವಾಗದ ಸಂಗತಿಗಳು

ಗೆರೆ ಎಳೆಯುವುದು ಸುಲಭ, ಬದುಕನ್ನು ಭಾಗ ಮಾಡುವುದು ಕಷ್ಟ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ನೀರು. ದಂಡಿನಲ್ಲಿ ಜನ ಹೆಚ್ಚಾದಂತೆ ಹಲಸೂರು ಕೆರೆ ಸಾಲಲಿಲ್ಲ. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು, ಅದೂ ಸಾಲಲಿಲ್ಲ. ಕೊನೆಗೆ ಮೈಸೂರು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತಂದಾಗ ಪೇಟೆ, ದಂಡು ಎರಡೂ ಅದನ್ನೇ ಕುಡಿದವು. ವಿದ್ಯುತ್ ಕೂಡ ಹಾಗೆಯೇ. ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದಿಸಿ ಮೊದಲು ಕೋಲಾರದ ಚಿನ್ನದ ಗಣಿಗೆ ಕೊಟ್ಟಿತು, 1905ರಲ್ಲಿ ಬೆಂಗಳೂರಿಗೆ ತಂದಿತು. ಆಮೇಲೆ ದಂಡಿನ ದೀಪಗಳೂ ಅದರಿಂದಲೇ ಉರಿದವು.

ಎರಡನೆಯದು ರೋಗ. 1898ರಲ್ಲಿ ಪ್ಲೇಗ್ ಬಂತು. ಅದು ಪೇಟೆಯವರು ಯಾರು, ದಂಡಿನವರು ಯಾರು ಎಂದು ಕೇಳಲಿಲ್ಲ. ಎರಡು ಕಡೆಯೂ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತರು. ಎರಡು ಆಡಳಿತಗಳೂ ಒಂದೇ ಪಾಠ ಕಲಿತವು. ಗಾಳಿ ಬೆಳಕಿರುವ ಹೊಸ ಬಡಾವಣೆ ಬೇಕು, ಮನೆಗಳ ನಡುವೆ ಜಾಗ ಬೇಕು, ಚರಂಡಿ ಬೇಕು. ಆ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದವು, ಈ ಕಡೆ ಫ್ರೇಜರ್ ಟೌನ್. ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರು ಅದಕ್ಕೆ ಬಂತು. ಇಂದು ರಂಜಾನ್ ರಾತ್ರಿಗಳಲ್ಲಿ ನಾವು ಹಲೀಮ್ ತಿನ್ನಲು ಹೋಗುವ ಮಾಸ್ಕ್ ರಸ್ತೆಯ ಬಡಾವಣೆ ಪ್ಲೇಗಿನ ಭಯದಿಂದ ಹುಟ್ಟಿದ್ದು.

ಮೂರನೆಯದು ಹಣ. ವ್ಯಾಪಾರಿಗೆ ಗಿರಾಕಿ ಮುಖ್ಯ, ಗಿರಾಕಿಯ ಸರ್ಕಾರ ಯಾವುದು ಎಂಬುದಲ್ಲ. ಚಿಕ್ಕಪೇಟೆಯ ರೇಷ್ಮೆ ದಂಡಿಗೆ ಬಂತು, ಸುತ್ತಲಿನ ಹಳ್ಳಿಗಳ ತರಕಾರಿ ದಂಡಿನ ಮಾರುಕಟ್ಟೆಗೆ ಬಂತು. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್‌ಗೆ ಮುನ್ಸಿಪಲ್ ಕಮಿಷನರ್ ರಸೆಲ್ ಹೆಸರಿದೆ, ಆದರೆ ಅದರೊಳಗಿನ ಸೊಪ್ಪು, ಹೂವು, ಹಣ್ಣು ಬೆಳೆದದ್ದು ಮೈಸೂರು ಸೀಮೆಯ ಮಣ್ಣಿನಲ್ಲಿ.

ಹಣದ ಮಾತು ಬಂದಾಗ ಅಕೌಂಟೆನ್ಸಿ ಗೆಳೆಯರಿಗೆ ಒಂದು ಸಂಗತಿ. 1896ರಲ್ಲಿ ವಿನ್‌ಸ್ಟನ್ ಚರ್ಚಿಲ್ ಯುವ ಸೈನ್ಯಾಧಿಕಾರಿಯಾಗಿ ಇಲ್ಲಿಗೆ ಬಂದರು. ಈಗ ಬೆಂಗಳೂರು ಕ್ಲಬ್ ಎಂದು ಹೆಸರಾಗಿರುವ ಕ್ಲಬ್ಬಿನ 1899ರ ದಾಖಲೆಯಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಇದೆ. ಅದರಲ್ಲಿ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮನುಷ್ಯ ನಮ್ಮ ಊರಿನ ಲೆಕ್ಕದ ಪುಸ್ತಕದಲ್ಲಿ ಇನ್ನೂ ‘ಬ್ಯಾಡ್ ಡೆಟ್’.

ಗೆರೆ ಅಳಿಸಿದ ದಿನ

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ 20 ದಿನ ಮೊದಲು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮೈಸೂರು ಸರ್ಕಾರಕ್ಕೆ ಹಿಂತಿರುಗಿತು. ಆದರೆ ಮುನ್ಸಿಪಾಲಿಟಿಗಳು ಇನ್ನೂ ಎರಡೇ ಇದ್ದವು. 1949ರ ಡಿಸೆಂಬರ್‌ನಲ್ಲಿ ಎರಡನ್ನೂ ಸೇರಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿದರು. ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು, ಬ್ಲ್ಯಾಕ್‌ಪಳ್ಳಿ ಶಿವಾಜಿನಗರವಾಯಿತು.

ಪೂರ್ವದ ಊರುಗಳು ಆಮೇಲೆ ಬೆಳೆದವು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅದರ ಸುತ್ತ ಕಾರ್ಮಿಕರ ಬಡಾವಣೆಗಳು ಬಂದವು. ಆಮೇಲೆ ಹೊಲಗಳಿದ್ದ ಬಿನ್ನಮಂಗಲದ ಕಡೆ ಇಂದಿರಾನಗರ ಎದ್ದಿತು. 1864ರ ರೈಲು ಮಾರ್ಗದ ಮೇಲಿನ ಕೆ.ಆರ್.ಪುರ ಈಗ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ.

ಗೆರೆ ಎಳೆಯುವ ಕೆಲಸ ನಿಂತಿಲ್ಲ. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು. 2007ರಲ್ಲಿ ಬಿಬಿಎಂಪಿ ಬಂತು. 2025ರಲ್ಲಿ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ಈಗ ಶಿವಾಜಿನಗರ ಮತ್ತು ಚಿಕ್ಕಪೇಟೆ ಎರಡೂ ಕೇಂದ್ರ ಪಾಲಿಕೆಯಲ್ಲಿವೆ, ಕೆ.ಆರ್.ಪುರ ಪೂರ್ವ ಪಾಲಿಕೆಯಲ್ಲಿದೆ. ಹಳೆಯ ಗಡಿಯ ಎರಡು ಬದಿಯವರು ಈಗ ಒಂದೇ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹೊಸ ಗಡಿ ಬೇರೆ ಕಡೆ ಬಿದ್ದಿದೆ.

ಇದು ತಿಳಿದು ನಮಗೇನು?

ಇಷ್ಟೆಲ್ಲ ಬರೆದದ್ದಕ್ಕೆ ಒಂದು ಕಾರಣವಿದೆ. ಶಿವಾಜಿನಗರ, ಹಲಸೂರು ಕಡೆಯ ಹುಡುಗ ಹುಡುಗಿಯರು ಎರಡು ಮಾತುಗಳನ್ನು ಕೇಳುತ್ತ ಬೆಳೆಯುತ್ತಾರೆ. ಹೊರಗೆ, ‘ಇಷ್ಟು ತಲೆಮಾರು ಇಲ್ಲೇ ಇದ್ದೀರಿ, ಕನ್ನಡ ಸರಿಯಾಗಿ ಬರಲ್ವಾ? ನೀವು ಇಲ್ಲಿಯವರೇ ಹೌದಾ?’ ಎಂಬ ಮಾತು. ಒಳಗೆ, ನಮ್ಮದೇ ಮೊಹಲ್ಲಾದಲ್ಲಿ, ‘ಕನ್ನಡ ಸಿಟಿಯವರ ಭಾಷೆ, ನಮಗೆ ಪಾಸಾಗುವಷ್ಟು ಸಾಕು’ ಎಂಬ ಮಾತು. ಮೊದಲನೆಯದು ನೋವು ಮಾಡುತ್ತದೆ, ಎರಡನೆಯದು ನಷ್ಟ ಮಾಡುತ್ತದೆ. ಎರಡೂ ಈ ಗೆರೆಯನ್ನು ಮರೆತು ಹುಟ್ಟಿದ ಮಾತುಗಳು.

ಮೊದಲನೆಯ ಮಾತಿಗೆ ಉತ್ತರ ಇತಿಹಾಸದಲ್ಲಿದೆ. 1947ರವರೆಗೆ ದಂಡಿನಲ್ಲಿ ತೆರಿಗೆಯ ನೋಟೀಸು, ಕೋರ್ಟಿನ ಸಮನ್ಸ್, ಕಾಲೇಜಿನ ಪರೀಕ್ಷೆ ಯಾವುದಕ್ಕೂ ಕನ್ನಡ ಬೇಕಿರಲಿಲ್ಲ. ಜನ ಕನ್ನಡವನ್ನು ತಿರಸ್ಕರಿಸಲಿಲ್ಲ, ಅಲ್ಲಿನ ಆಡಳಿತ ಅವರ ಎದುರಿಗೆ ಕನ್ನಡವನ್ನು ಇಡಲೇ ಇಲ್ಲ. ರಾಜ್ಯದಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾನೂನು ಬಂದದ್ದೇ 1963ರಲ್ಲಿ. ಒಂದು ಸೈನ್ಯದ ಅನುಕೂಲಕ್ಕೆ ಎಳೆದ ಗೆರೆ ಮೂರು ತಲೆಮಾರಿನ ಭಾಷೆಯನ್ನು ತೀರ್ಮಾನಿಸಿತು. ಅದನ್ನು ಒಂದು ಸಮುದಾಯದ ಗುಣ ಎಂದು ಹೇಳುವುದು ನ್ಯಾಯವಲ್ಲ.

ಎರಡನೆಯ ಮಾತಿಗೂ ಉತ್ತರ ಇತಿಹಾಸದಲ್ಲಿಯೇ ಇದೆ. ಕನ್ನಡ ಈ ನೆಲಕ್ಕೆ 1947ರಲ್ಲಿ ಬಂದದ್ದಲ್ಲ. ಹೆಬ್ಬಾಳದಲ್ಲಿ ಸಿಕ್ಕ ವೀರಗಲ್ಲಿನ ಕನ್ನಡ ಶಾಸನ ಕ್ರಿ.ಶ. 750ರ ಸುಮಾರಿನದು. ಬೇಗೂರಿನ ಶಾಸನ ‘ಬೆಂಗಳೂರು’ ಎಂಬ ಹೆಸರನ್ನೇ ಹೇಳುತ್ತದೆ, ಅದಕ್ಕೂ 1,100 ವರ್ಷ ದಾಟಿದೆ. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿ, ಸೈನ್ಯದ ಆವರಣದೊಳಗೇ ಇದೆ. ದಂಡನ್ನು ಸಾಕಿದ ಹಣ, ದಂಡು ಕುಡಿದ ನೀರು, ದಂಡು ತಿಂದ ತರಕಾರಿ, ದಂಡಿನ ದೀಪ ಎಲ್ಲವೂ ಕನ್ನಡ ಮಾತಾಡುವ ರೈತರು ಮತ್ತು ಕೂಲಿಗಳ ದುಡಿಮೆಯಿಂದ ಬಂದವು. ಗೆರೆ ನಮಗೆ ಕಾರಣ ಕೊಡುತ್ತದೆ, ನೆಪ ಕೊಡುವುದಿಲ್ಲ. ಅದು ಅಳಿಸಿ 75 ವರ್ಷದ ಮೇಲಾಯಿತು. ಈಗಲೂ ಅದರ ಈಚೆ ನಿಂತಿರುವುದು ನಮ್ಮ ಆಯ್ಕೆ ಮಾತ್ರ.

ನನ್ನ ಮನೆಮಾತು ಉರ್ದು. ಈ ಲೇಖನವನ್ನು ಕನ್ನಡದಲ್ಲಿ ಬರೆದೆ. ಉರ್ದು ಬಿಟ್ಟು ಬಂದೆ ಎಂದು ಇದರ ಅರ್ಥವಲ್ಲ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಬಜಾರಿನಲ್ಲಿ ಮೂರು ಭಾಷೆ ನಡೆಸುವುದು ದಂಡಿನವರಿಗೆ 200 ವರ್ಷದ ಅಭ್ಯಾಸ. ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿಯನ್ನು ನೋಡಿ. ಒಂದು ಗಂಟೆಯಲ್ಲಿ ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ, ಯಾವುದರಲ್ಲೂ ಲೆಕ್ಕ ತಪ್ಪುವುದಿಲ್ಲ. ನಾವು ಹೆಮ್ಮೆ ಪಡಬೇಕಾದದ್ದು ಈ ಅಭ್ಯಾಸದ ಬಗ್ಗೆ. ಅದರಲ್ಲಿ ಕನ್ನಡ ಗಟ್ಟಿಯಾಗಿ ಸೇರಿದರೆ ಕೆಲಸಕ್ಕೆ ಅರ್ಜಿ ಹಾಕುವಾಗ, ಜಿಎಸ್‌ಟಿ ಕಚೇರಿಯಲ್ಲಿ, ಖಾತಾ ಬದಲಾವಣೆಗೆ ಹೋದಾಗ ಇನ್ನೊಬ್ಬರ ಮುಂದೆ ಕಾಗದ ಹಿಡಿದು ‘ಓದಿ ಹೇಳಿ’ ಎಂದು ಕೇಳಬೇಕಾಗುವುದಿಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಪೆಟ್ಟಿಗೆ ಇದ್ದರೆ ದೊಡ್ಡವರ ಅನುಮತಿ ಕೇಳಿ ತೆಗೆದು ನೋಡಿ. 1947ಕ್ಕೆ ಮೊದಲಿನ ಕ್ರಯಪತ್ರ, ತೆರಿಗೆ ರಸೀದಿ, ಶಾಲೆಯ ಸರ್ಟಿಫಿಕೇಟು ಸಿಕ್ಕರೆ ಮೇಲ್ಗಡೆ ಯಾವ ಸರ್ಕಾರದ ಹೆಸರಿದೆ ಎಂದು ಗಮನಿಸಿ. ಒಂದರಲ್ಲಿ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದಿದ್ದು ಇನ್ನೊಬ್ಬರ ಮನೆಯದರಲ್ಲಿ ‘ಮೈಸೂರು ಸರ್ಕಾರ’ ಎಂದಿದ್ದರೆ ಎರಡನ್ನೂ ತರಗತಿಗೆ ತನ್ನಿ. ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು ಓದೋಣ. ದಂಡಿನ ಕಾಗದವನ್ನು ಪೇಟೆಯವರು ಓದಲಿ, ಪೇಟೆಯ ಕನ್ನಡ ಕಾಗದವನ್ನು ನಾವು ಓದುತ್ತೇವೆ.